‘ಹಾಕಿ ನೋಡೋಣ’ ಅನ್ನುವುದು ರಿಪೇರಿಯಲ್ಲ

ಸೆಕೆಂಡ್ ಹ್ಯಾಂಡ್ ವ್ಯಾನು ಕೊಂಡು ತಿಂಗಳಾಗುವುದರೊಳಗೆ ಅದು ಪಿಕಪ್ ಇಲ್ಲದೆ ತಡವರಿಸತೊಡಗಿದರೆ, ಕಡೂರಿನಿಂದ ತರೀಕೆರೆಯವರೆಗೆ ಬಿ.ಎಚ್. ರಸ್ತೆಯುದ್ದಕ್ಕೂ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ‘ಪಂಪ್ ವೀಕ್ ಆಗಿದೆ, ಹೊಸದು ಹಾಕಿ ನೋಡೋಣ.’ ಪಂಪಿನಿಂದ ಸರಿಹೋಗದಿದ್ದರೆ ಪ್ಲಗ್, ಪ್ಲಗ್‌ನಿಂದಲೂ ಆಗದಿದ್ದರೆ ಕಾಯಿಲ್, ಆಮೇಲೆ ಇಂಜೆಕ್ಟರ್ ಕ್ಲೀನಿಂಗ್, ಅದಾದ ಮೇಲೆ ಯಾವುದೋ ಸೆನ್ಸರ್. ಅಷ್ಟೂ ಮುಗಿದ ಮೇಲೆ ‘ಈಗಿನ ಪೆಟ್ರೋಲೇ ಸರಿಯಿಲ್ಲ’ ಎಂದೋ, ‘ಮಾರಿದವರು ಟೋಪಿ ಹಾಕಿದ್ದಾರೆ, ಗಾಡಿ ದಾಟಿಸಿಬಿಡಿ’ ಎಂದೋ ತೀರ್ಪು. ಇದನ್ನು ಹೇಳುವವರು ಮೇಸ್ತ್ರಿಗಳು ಮಾತ್ರ ಅಲ್ಲ. ಗಾಡಿ ಕೊಂಡವರು, ಅವರ ಭಾವಮೈದುನರು, ಟೀ ಅಂಗಡಿಯ ಮುಂದೆ ನಿಂತವರು ಎಲ್ಲರೂ ಇದನ್ನೇ ರಿಪೇರಿಯ ಸಹಜ ಕ್ರಮವೆಂದು ಒಪ್ಪಿಕೊಂಡಿದ್ದಾರೆ. ಈ ಕ್ರಮ ಬುಡದಿಂದಲೇ ತಪ್ಪು. ತಡವರಿಕೆಯ ಕಾರಣವನ್ನು ಅಳೆದು ಹುಡುಕಬಹುದು, ಅದನ್ನು ಈ ಊರುಗಳಲ್ಲೇ ಮಾಡಬಹುದು. ಹಾಗೆ ಹುಡುಕದೆ ಬದಲಾಯಿಸಿದ ಪ್ರತಿ ಬಿಡಿಭಾಗವೂ ಹಣವನ್ನು ತಿನ್ನುವುದಲ್ಲದೆ ಕಾರಣಕ್ಕಿದ್ದ ಸಾಕ್ಷ್ಯವನ್ನೂ ಅಳಿಸಿಹಾಕುತ್ತದೆ.

ಈ ಸೀಮೆಯಲ್ಲಿ ವ್ಯಾನು ಶೋಕಿಯ ವಸ್ತುವಲ್ಲ. ಅಜ್ಜಂಪುರದ ಎರೆಹೊಲದ ಈರುಳ್ಳಿ, ಕಡೂರು ಕಡೆಯ ತೆಂಗು, ಲಕ್ಕವಳ್ಳಿ ಕಡೆಯ ಅಡಿಕೆ, ಶಾಲೆಗೆ ಹೋಗುವ ಮಕ್ಕಳು, ಮದುವೆಯ ಅಡುಗೆ ಪಾತ್ರೆ, ಎಲ್ಲಕ್ಕೂ ಅದೇ ಗಾಡಿ. ಮಾರುತಿ ವ್ಯಾನು 1984ರಲ್ಲಿ ಬಂತು, 1988ರಲ್ಲಿ ಓಮ್ನಿ ಆಯಿತು, 2019ರಲ್ಲಿ ಅದರ ತಯಾರಿ ನಿಂತಿತು. ಹಾಗಾಗಿ ಇಂದು ಓಮ್ನಿ ಕೊಳ್ಳುವವರಿಗೆ ಸಿಗುವುದು ಇನ್ನೊಬ್ಬರು ಓಡಿಸಿದ ಗಾಡಿಯೇ. 796 ಸಿಸಿಯ ಮೂರು ಸಿಲಿಂಡರಿನ ಆ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಹಳೆಯವು ಕಾರ್ಬೊರೇಟರಿನವು, ಆಮೇಲಿನವು ಇಂಜೆಕ್ಟರಿನ ಎಂಪಿಎಫ್‌ಐ. 2010ರಲ್ಲಿ ಬಂದ ಈಕೋದ್ದು 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಇವುಗಳಲ್ಲಿ ಯಾವುದನ್ನು ಕೊಂಡರೂ ಹಿಂದಿನ ಮಾಲೀಕರು ಅದಕ್ಕೆ ಏನು ಮಾಡಿದ್ದರು, ಏನು ಮಾಡದೆ ಬಿಟ್ಟಿದ್ದರು ಎಂಬುದು ಕೊಂಡವರಿಗೆ ಗೊತ್ತಿರುವುದಿಲ್ಲ. ‘ಹಾಕಿ ನೋಡೋಣ’ ಎಂಬ ಮಾತು ಬೆಳೆಯುವುದು ಆ ತಿಳಿಯದಿರುವಿಕೆಯ ಮೇಲೆ.

ಇದೇ ಜನ ಕೊಳವೆಬಾವಿಯ ವಿಷಯದಲ್ಲಿ ಹೀಗೆ ನಡೆದುಕೊಳ್ಳುವುದಿಲ್ಲ. ಕಡೂರು ತಾಲ್ಲೂಕಿನ ರೈತರು ನೀರು ಕಡಿಮೆ ಬಂತೆಂದು ಆ ಗಳಿಗೆಯಲ್ಲೇ ನೂರಾರು ಅಡಿ ಆಳದಿಂದ ಮೋಟಾರ್ ಎತ್ತಿಸುವುದಿಲ್ಲ. ಮೂರು ಫೇಸೂ ಇದೆಯೇ, ವೋಲ್ಟೇಜ್ ಎಷ್ಟಿದೆ, ಸ್ಟಾರ್ಟರ್ ಬಾಕ್ಸಿನ ಆಂಪ್ಸ್ ಮುಳ್ಳು ಎಲ್ಲಿ ನಿಂತಿದೆ ಎಂದು ಮೊದಲು ನೋಡುತ್ತಾರೆ. ಆಂಪ್ಸ್ ಇಳಿದಿದ್ದರೆ ಬಾವಿಯಲ್ಲಿ ನೀರು ಬಿಟ್ಟಿದೆ, ಏರಿದ್ದರೆ ಪಂಪು ಬಿಗಿದುಕೊಂಡಿದೆ ಎಂದು ಎತ್ತುವ ಮುಂಚೆಯೇ ಅಂದಾಜಾಗುತ್ತದೆ. ಎತ್ತುವ ಖರ್ಚು ದೊಡ್ಡದಾದ್ದರಿಂದ ಅಲ್ಲಿ ಅಳತೆ ಮೊದಲು ಬಂತು. ವ್ಯಾನಿನಲ್ಲಿ ಒಂದೊಂದು ಭಾಗದ ಬೆಲೆ ಬಿಡಿಬಿಡಿಯಾಗಿ ಸಣ್ಣದೆನಿಸುತ್ತದೆ, ಅದಕ್ಕೇ ಅಳತೆಯ ನೆನಪು ಬರುವುದಿಲ್ಲ. ನಾಲ್ಕೈದು ಸಣ್ಣ ಬಿಲ್ಲು ಸೇರಿ, ಗಾಡಿ ನಿಂತ ದಿನಗಳ ಬಾಡಿಗೆಯೂ ಹೋದ ಮೇಲೆ ಲೆಕ್ಕ ಹಾಕಿದರೆ ಅದು ಸಣ್ಣ ಮೊತ್ತವಾಗಿ ಉಳಿದಿರುವುದಿಲ್ಲ. ಅಳೆಯುವ ಬುದ್ಧಿ ಈ ಊರುಗಳಿಗೆ ಹೊಸದಲ್ಲ. ಅದನ್ನು ವ್ಯಾನಿನವರೆಗೆ ತರಲು ಒಲ್ಲೆವೆನ್ನುವುದೇ ನನ್ನ ತಕರಾರು.

ತಡವರಿಕೆ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಕಾಯಿಲೆಗಳನ್ನು ಕಲಸಿಬಿಡುವುದರಿಂದಲೇ ಎಡವಟ್ಟು ಶುರುವಾಗುತ್ತದೆ. ತಡವರಿಸುತ್ತಿರುವುದು ಎಂಜಿನ್ನೇ ಹೌದೇ ಎಂಬುದನ್ನೇ ಮೊದಲು ಖಚಿತ ಮಾಡಿಕೊಳ್ಳಬೇಕು. ಎಂಜಿನ್ ಸದ್ದು ಏರಿಯೂ ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಡ್ರಮ್ ಮಾತ್ರ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಎರಡಕ್ಕೂ ಪೆಟ್ರೋಲ್ ಪಂಪಿಗೂ ಯಾವ ಸಂಬಂಧವೂ ಇಲ್ಲ. ಎಂಜಿನ್ನಿನದೇ ದೋಷವಾಗಿದ್ದರೆ ಅದು ಯಾವಾಗ ಕಾಣಿಸುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಎಕ್ಸಿಲರೇಟರ್ ಒತ್ತಿದ ಕ್ಷಣ ಮುಗ್ಗರಿಸಿ, ಆಮೇಲೆ ಚೆನ್ನಾಗಿ ಎಳೆದುಕೊಂಡು ಹೋಗುವ ಗಾಡಿಯ ಪಂಪು ಕೆಟ್ಟಿರುವ ಸಾಧ್ಯತೆ ಕಡಿಮೆ. ಪಂಪು ಸೋತಿದ್ದರೆ ಅದು ಹೆಚ್ಚು ಪೆಟ್ರೋಲ್ ಬೇಡುವ ‘ಆಮೇಲೆ’ಯಲ್ಲೇ ಸೋಲಬೇಕಿತ್ತು. ಅಂಥ ಗಾಡಿಯಲ್ಲಿ ನೋಡಬೇಕಾದ್ದು, ಕಾರ್ಬೊರೇಟರಿನದಾದರೆ ಅದರೊಳಗಿನ ಎಕ್ಸಿಲರೇಟರ್ ಪಂಪಿನ ಡಯಾಫ್ರಮ್ ಮತ್ತು ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್. ಎಂಪಿಎಫ್‌ಐ ಆದರೆ ಥ್ರಾಟಲ್ ಸೆನ್ಸರ್, ಕೊಳೆ ಕಟ್ಟಿದ ಥ್ರಾಟಲ್ ಬಾಡಿ, ಎಲ್ಲೋ ಗಾಳಿ ಎಳೆಯುತ್ತಿರುವ ಬಿರುಕು ಬಿಟ್ಟ ಹೋಸು.

ಇದಕ್ಕೆ ಪೂರ್ತಿ ವಿರುದ್ಧದ್ದು, ಹೊರಡುವಾಗ ಚೆನ್ನಾಗಿದ್ದು ದೀರ್ಘ ಏರಿನಲ್ಲಿ ಸೋಲುವ ಗಾಡಿ. ಕಡೂರು–ಬೀರೂರು ನಡುವಿನ ಸಮ ರಸ್ತೆಯಲ್ಲಿ ಓಡಿಸಿ ‘ಎಲ್ಲ ಸರಿಯಿದೆ’ ಎಂದು ಒಪ್ಪಿಸಿದ ವ್ಯಾನು, ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಮೇಲೆ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯ ಕಡೆ ಹತ್ತುವಾಗ ಮಧ್ಯದಲ್ಲಿ ಉಸಿರು ಬಿಟ್ಟರೆ ಯಾರಿಗೂ ಆಶ್ಚರ್ಯವಾಗಬಾರದು. ನಿರಂತರ ಭಾರದಡಿ ಎಂಜಿನ್ ಬೇಡುವಷ್ಟು ಪೆಟ್ರೋಲ್ ಬರುತ್ತಿಲ್ಲ, ಇಲ್ಲವೆ ಸುಟ್ಟ ಹೊಗೆ ಹೊರಹೋಗುತ್ತಿಲ್ಲ. ಹೌದು, ಇಲ್ಲಿ ಪಂಪು ಕಾರಣವಾಗಿರಬಹುದು. ಆದರೆ ಅದಕ್ಕಿಂತ ಮೊದಲು ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್ ಇದೆ, ಮುಚ್ಚಿಹೋದ ಟ್ಯಾಂಕಿನ ಗಾಳಿದಾರಿ ಇದೆ, ಒಳಗೆ ಕರಗಿ ಮುಚ್ಚಿದ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಟ್ಯಾಂಕಿನ ಗಾಳಿದಾರಿಯನ್ನು ಪರೀಕ್ಷಿಸಲು ಒಂದು ರೂಪಾಯಿಯೂ ಬೇಡ. ಗಾಡಿ ಸೋತಾಗ ಮುಚ್ಚಳ ತೆಗೆದರೆ ಗಾಳಿ ಒಳಗೆ ನುಗ್ಗುವ ಸದ್ದು ಕೇಳಿಸುತ್ತದೆ, ಆಮೇಲೆ ಗಾಡಿ ಸ್ವಲ್ಪ ಹೊತ್ತು ಸಲೀಸಾಗಿ ಎಳೆಯುತ್ತದೆ. ಹೊಸ ಪಂಪು ಹಾಕಿದರೂ ಮುಚ್ಚಿದ ಫಿಲ್ಟರಿನ ಆಚೆಗೆ ಅದು ಪೆಟ್ರೋಲ್ ತಳ್ಳಲಾರದು. ಕೆಲವೇ ತಿಂಗಳಲ್ಲಿ ಅದೂ ಸೋತು, ಬಿಡಿಭಾಗವೇ ಕಳಪೆ ಎಂಬ ಇನ್ನೊಂದು ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ.

ಮೂರನೆಯ ಬಗೆಯದ್ದು ಮಿಸ್ಸಿಂಗ್. ಮೇಲಿನ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಎಕ್ಸಿಲರೇಟರ್ ಒತ್ತಿದಾಗ ಜರ್ಕ್ ಹೊಡೆಯುತ್ತದೆ, ಮಳೆಗಾಲದಲ್ಲಿ ಹೆಚ್ಚಾಗುತ್ತದೆ. ಇದು ಬಹುಮಟ್ಟಿಗೆ ಕಿಡಿಯ ದೋಷ. ಭಾರ ಬಿದ್ದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು, ಅಷ್ಟು ವೋಲ್ಟೇಜ್ ಬಂದ ಕೂಡಲೆ ಹಳೆಯ ಪ್ಲಗ್ ವೈರಿನ ಅಥವಾ ಕಾಯಿಲಿನ ಬಿರುಕಿನಿಂದ ಅದು ಬಾಡಿಗೆ ಸೋರಿಹೋಗುತ್ತದೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಕೊಟ್ಟು ಕಿವಿಗೊಡುವ ನಮ್ಮ ಗ್ಯಾರೇಜುಗಳ ಅಭ್ಯಾಸದಲ್ಲಿ ಈ ದೋಷ ಎಂದೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ನ್ಯೂಟ್ರಲ್‌ನಲ್ಲಿ ಭಾರವೇ ಇಲ್ಲ. ಕತ್ತಲಲ್ಲಿ ಎಂಜಿನ್ ಓಡಿಸಿ ವೈರುಗಳ ಮೇಲೆ ಸಣ್ಣಗೆ ನೀರು ಚಿಮುಕಿಸಿದರೆ ನೀಲಿ ಕಿಡಿ ಎಲ್ಲಿ ಸೋರುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಕೈ ದೂರವಿಟ್ಟು ನೋಡಬೇಕು ಅಷ್ಟೇ.

ಇದಾದ ಮೇಲೆ ಕೇಳಬೇಕಾದ ಪ್ರಶ್ನೆ, ದೋಷ ಒಂದು ಸಿಲಿಂಡರಿನದೋ ಎಲ್ಲದರದೋ ಎಂಬುದು. ಈ ಪ್ರಶ್ನೆಯನ್ನು ಕೇಳದೆ ಯಾವ ಭಾಗಕ್ಕೂ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪೆಟ್ರೋಲ್ ಪಂಪ್, ಫಿಲ್ಟರ್, ಏರ್ ಫಿಲ್ಟರ್, ಸೈಲೆನ್ಸರ್ ಇವೆಲ್ಲ ಎಲ್ಲ ಸಿಲಿಂಡರಿಗೂ ಸೇರಿದವು. ಇವುಗಳ ದೋಷ ಎಲ್ಲದರಲ್ಲೂ ಕಾಣಬೇಕು. ಒಂದೇ ಸಿಲಿಂಡರ್ ಸುಮ್ಮನಿದ್ದರೆ ಪಂಪನ್ನು ದೂರುವುದಕ್ಕೆ ಯಾವ ಆಧಾರವೂ ಇಲ್ಲ, ಆಗ ಆ ಸಿಲಿಂಡರಿನ ಪ್ಲಗ್, ವೈರು, ಇಂಜೆಕ್ಟರ್, ವಾಲ್ವುಗಳನ್ನೇ ನೋಡಬೇಕು. ಇದನ್ನು ತಿಳಿಯಲು ಬಿಚ್ಚಿದ ಪ್ಲಗ್ಗುಗಳೇ ಸಾಕು. ಮೂರೂ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಮೂರೂ ಬೆಳ್ಳಗಾಗಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಗಾಳಿ ಹೆಚ್ಚು, ಒಂದು ಮಾತ್ರ ಎಣ್ಣೆಯಲ್ಲಿ ನೆನೆದಿದ್ದರೆ ಆ ಸಿಲಿಂಡರಿನಲ್ಲಿ ಆಯಿಲ್ ಮೇಲೇರುತ್ತಿದೆ. ‘ಹಾಕಿ ನೋಡೋಣ’ ಪದ್ಧತಿಯಲ್ಲಿ ಈ ಮೂರು ಸಾಕ್ಷಿಗಳನ್ನು ಯಾವ ಸಿಲಿಂಡರಿನದು ಯಾವುದೆಂದು ನೋಡದೆ ಡಬ್ಬಿಗೆ ಎಸೆದು ಹೊಸದನ್ನು ಹಾಕಲಾಗುತ್ತದೆ. ಮರುದಿನ ಗಾಡಿ ಮತ್ತೆ ತಡವರಿಸಿದಾಗ ಓದಲು ಏನೂ ಉಳಿದಿರುವುದಿಲ್ಲ. ಸಾಕ್ಷ್ಯ ಅಳಿಸಿಹೋಗುತ್ತದೆ ಎಂದು ಮೊದಲೇ ಹೇಳಿದ್ದು ಇದನ್ನೇ. ಪ್ಲಗ್, ಫಿಲ್ಟರ್, ಕಾಯಿಲ್ ಮೂರನ್ನೂ ಒಂದೇ ದಿನ ಬದಲಾಯಿಸಿ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ, ಮೇಸ್ತ್ರಿಯ ಅನುಭವಕ್ಕೂ ಒಂದು ಪಾಠ ಸೇರುವುದಿಲ್ಲ. ಇಪ್ಪತ್ತು ವರ್ಷ ಹೀಗೆ ಕೆಲಸ ಮಾಡಿದವರ ಅನುಭವ ನಿಜವಾಗಿ ಎಷ್ಟು ವರ್ಷದ್ದು?

ಅಳತೆ ಎಂದ ಕೂಡಲೆ ದೊಡ್ಡ ಯಂತ್ರಗಳ ಮಾತೆಂದು ಭಾವಿಸಬೇಕಿಲ್ಲ. ವ್ಯಾಕ್ಯೂಮ್ ಗೇಜ್, ಕಂಪ್ರೆಷನ್ ಗೇಜ್, ಮಲ್ಟಿಮೀಟರ್, ಪೆಟ್ರೋಲ್ ಒತ್ತಡದ ಗೇಜ್ ಇಷ್ಟಿದ್ದರೆ ತಡವರಿಕೆಯ ಬಹುಪಾಲು ಕಾರಣಗಳನ್ನು ಹಿಡಿಯಬಹುದು. ಕಂಪ್ರೆಷನ್ ಗೇಜ್ ಸಿಲಿಂಡರುಗಳ ನಡುವಿನ ವ್ಯತ್ಯಾಸ ತೋರಿಸುತ್ತದೆ. ಒಂದರಲ್ಲಿ ತೀರಾ ಕಡಿಮೆಯಿದ್ದು, ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟಾಗ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನ ದೋಷ. ವ್ಯಾಕ್ಯೂಮ್ ಗೇಜಿನ ವಿಷಯದಲ್ಲಿ ಸ್ಥಳಜ್ಞಾನವೂ ಬೇಕು. ಆರೋಗ್ಯವಂತ ಎಂಜಿನ್ ಐಡ್ಲಿಂಗಿನಲ್ಲಿ ಸುಮಾರು 17ರಿಂದ 21 ಇಂಚು ತೋರಿಸಬೇಕೆಂದು ಪುಸ್ತಕಗಳಲ್ಲಿರುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುತ್ತದೆ. ಕಡೂರು ಸುಮಾರು 760 ಮೀಟರ್, ಅಂದರೆ ಎರಡೂವರೆ ಸಾವಿರ ಅಡಿ ಎತ್ತರದಲ್ಲಿದೆ. ಇಲ್ಲಿ ಗೇಜು 16 ಇಂಚು ತೋರಿಸಿದರೆ ಎಂಜಿನ್ ಚೆನ್ನಾಗಿಯೇ ಇದೆ. ಪುಸ್ತಕದ ಅಂಕಿಯನ್ನೇ ನಂಬಿದರೆ ಗಟ್ಟಿಯಾದ ಎಂಜಿನ್ನಿಗೂ ಬೋರಿಂಗ್ ಮಾಡಿಸಬೇಕಾದೀತು. ಅದೇ ಗೇಜನ್ನು ಇಟ್ಟುಕೊಂಡು ಎಂಜಿನ್ನನ್ನು 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಸೈಲೆನ್ಸರಿನ ದಾರಿ ಕಟ್ಟಿದೆ ಎಂದರ್ಥ. ಯಾವ ಹೊಸ ಪಂಪೂ ಇದನ್ನು ಹೇಳಿಕೊಡುವುದಿಲ್ಲ, ಆದರೂ ಗೇಜಿನ ಬೆಲೆ ಪಂಪಿನದಕ್ಕಿಂತ ಕಡಿಮೆ.

ಸ್ಕ್ಯಾನರ್ ಬಂದ ಮೇಲೆ ಇದೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ಹೊಸ ತಲೆಮಾರಿನ ಮೇಸ್ತ್ರಿಗಳು ಈ ವಾದವನ್ನು ಬಲವಾಗಿ ಹೇಳುತ್ತಾರೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಸ್ಕ್ಯಾನರ್ ಬೇಕೇ ಬೇಕು. ಆದರೆ ಅದು ಕೊಡುವ ಕೋಡು ಕಂಪ್ಯೂಟರಿಗೆ ಎಲ್ಲಿ ಲೆಕ್ಕ ತಪ್ಪಿತು ಎಂದು ಹೇಳುತ್ತದೆ, ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಪಿ0171 ಎಂದರೆ ಪೆಟ್ರೋಲಿನ ಪ್ರಮಾಣಕ್ಕೆ ಗಾಳಿ ಹೆಚ್ಚಾಗಿದೆ ಎಂದಷ್ಟೇ. ಆ ಸುದ್ದಿಯನ್ನು ತಂದದ್ದು ಆಕ್ಸಿಜನ್ ಸೆನ್ಸರ್. ಸುದ್ದಿ ತಂದ ಸೆನ್ಸರನ್ನೇ ಕಿತ್ತು ಹೊಸದು ಹಾಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಗಾಡಿಯನ್ನು ಏರಿನಲ್ಲಿ ಓಡಿಸುತ್ತಾ ಅದೇ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರು ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬುದನ್ನು ನೋಡಬೇಕು. ಭಾರ ಏರಿದಂತೆ ಅದು ಹತ್ತು, ಹದಿನೈದು, ಇಪ್ಪತ್ತು ಶೇಕಡಾ ಎಂದು ಮೇಲೇರುತ್ತಾ ಹೋದರೆ ಪೆಟ್ರೋಲ್ ಪೂರೈಕೆ ಸೋಲುತ್ತಿದೆ ಎಂದು ಸಾಕಷ್ಟು ಖಚಿತವಾಗುತ್ತದೆ, ಒತ್ತಡದ ಗೇಜು ಅದನ್ನು ದೃಢಪಡಿಸುತ್ತದೆ. ಅಷ್ಟಾದ ಮೇಲೆ ಪಂಪು ಬದಲಾಯಿಸಿದರೆ ಅದು ರಿಪೇರಿ, ಅದಕ್ಕೆ ನನ್ನ ಆಕ್ಷೇಪವೇ ಇಲ್ಲ. ಹಳೆಯ ಗಾಡಿಯಲ್ಲಿ ಇನ್ನೊಂದು ವಿಷಯವಿದೆ. ಮಾರುವ ಮುಂಚೆ ಬ್ಯಾಟರಿ ವೈರು ಬಿಚ್ಚಿ ಅಥವಾ ಸ್ಕ್ಯಾನರಿನಿಂದಲೇ ಕೋಡುಗಳನ್ನು ಅಳಿಸಿದ್ದರೆ, ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಕೊಳ್ಳುವ ದಿನ ಆರಿರುತ್ತದೆ. ಆದರೆ ಹಾಗೆ ಅಳಿಸಿದಾಗ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳೂ ‘ಅಪೂರ್ಣ’ ಎಂಬ ಸ್ಥಿತಿಗೆ ಮರಳುತ್ತವೆ. 2013ರ ಏಪ್ರಿಲಿನಿಂದ ಹೊಸ ಗಾಡಿಗಳಿಗೆ ಒಬಿಡಿ-2 ಕಡ್ಡಾಯವಾದ್ದರಿಂದ, ಆಮೇಲಿನ ಈಕೋ ಕೊಳ್ಳುವವರು ಹಣ ಕೊಡುವ ಮುಂಚೆ ಸ್ಕ್ಯಾನರಿನಲ್ಲಿ ಸ್ವಯಂ ಪರೀಕ್ಷೆಗಳ ಈ ಒಂದು ಪುಟವನ್ನು ನೋಡಿದರೆ ಎಷ್ಟೋ ಜಗಳ ತಪ್ಪುತ್ತದೆ.

ಹಳೆಯ ಓಮ್ನಿಯಲ್ಲಿ ಸ್ಕ್ಯಾನರಿಗೂ ಸಿಗದ ಇತಿಹಾಸವಿದೆ. ಒಂದು ಕಾಲದಲ್ಲಿ ಗ್ಯಾಸ್ ಕಿಟ್ ಹಾಕಿಸಿ ಓಡಿಸಿ, ಮಾರುವಾಗ ಕಿಟ್ ಕಳಚಿಕೊಂಡ ಗಾಡಿಗಳು ಕಡಿಮೆಯಿಲ್ಲ. ಕಿಟ್ ಹೋದರೂ ಅದಕ್ಕಾಗಿ ಮಾಡಿದ ತೂತು, ಕತ್ತರಿಸಿದ ಹೋಸು, ಜೋಡಿಸಿದ ವೈರು ಉಳಿದಿರುತ್ತವೆ. ಆ ತೂತಿಗೆ ಬಡಿದ ರಬ್ಬರ್ ಬಿರಡೆ ಬಿಸಿಗೆ ಒಣಗಿ ಸೀಳಿದರೆ ಎಂಜಿನ್ ಅಲ್ಲಿಂದ ಕಳ್ಳಗಾಳಿ ಎಳೆಯುತ್ತದೆ, ಐಡ್ಲಿಂಗ್ ಕೆಡುತ್ತದೆ, ಒತ್ತಿದಾಗ ಮುಗ್ಗರಿಸುತ್ತದೆ. ಕೆಲವು ರೂಪಾಯಿಯ ಬಿರಡೆಯ ದೋಷಕ್ಕೆ ಕಾರ್ಬೊರೇಟರನ್ನೇ ಹೊಸದಾಗಿ ಹಾಕುವುದು ಎಷ್ಟು ಅನ್ಯಾಯ ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ಪೆಟ್ರೋಲಿನ ಮಾತು. ಎಥನಾಲ್ ಶೇ. 20ರಷ್ಟು ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಅಂದಿನಿಂದ ಗಾಡಿಯ ಎಲ್ಲ ಕಾಯಿಲೆಗೂ ಅದೇ ಕಾರಣವೆಂದು ಹೇಳುವುದು ಸಲೀಸಾಗಿದೆ. ಈ ದೂರಿನಲ್ಲಿ ನಿಜಾಂಶವಿದೆ, ಅದನ್ನು ಮುಚ್ಚಿಡಬಾರದು. ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿಯಿದೆ, ಹಾಗಾಗಿ ಮೈಲೇಜ್ ಇಳಿಯುತ್ತದೆ. ಅದು ಉರಿಯಲು ಕಡಿಮೆ ಗಾಳಿ ಸಾಕು, ಹಾಗಾಗಿ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಎಂಪಿಎಫ್‌ಐ ಗಾಡಿ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ. ಹಳೆಯ ರಬ್ಬರನ್ನು ಎಥನಾಲ್ ಕೆಡಿಸಬಲ್ಲದು, ನೀರನ್ನು ಹೀರಿಕೊಳ್ಳಬಲ್ಲದು, ಹಳೆಯ ಟ್ಯಾಂಕಿನ ತಳದ ಕೊಳೆಯನ್ನು ಕದಡಿ ಫಿಲ್ಟರಿಗೆ ತಂದು ತುಂಬಬಲ್ಲದು. ಆದರೆ ಇವುಗಳಲ್ಲಿ ಪ್ರತಿಯೊಂದೂ ಕಣ್ಣಿಗೆ ಕಾಣುವ, ಪರೀಕ್ಷಿಸಬಹುದಾದ ದಾರಿ: ಡಯಾಫ್ರಮ್ ಬಿಗಿದಿದೆಯೇ, ಫಿಲ್ಟರ್ ಕಟ್ಟಿದೆಯೇ, ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟ ಪೆಟ್ರೋಲಿನ ತಳದಲ್ಲಿ ನೀರು ಬೇರೆಯಾಗಿ ನಿಂತಿದೆಯೇ. ತಿಂಗಳುಗಟ್ಟಲೆ ಮಾರಾಟಕ್ಕೆ ನಿಂತಿದ್ದ ವ್ಯಾನಿನ ಟ್ಯಾಂಕಿನಲ್ಲಿ ನೀರು ಸಿಗುವುದು ಅಪರೂಪವೇನಲ್ಲ. ಕಲಬೆರಕೆಯ ಅನುಮಾನವಿದ್ದರೆ ಬಂಕಿನಲ್ಲೇ ಫಿಲ್ಟರ್ ಪೇಪರ್ ಪರೀಕ್ಷೆ ಮತ್ತು ಡೆನ್ಸಿಟಿ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ಪ್ರತಿ ಗಿರಾಕಿಗೂ ಇದೆ. ಹಕ್ಕು ಇದ್ದೂ ಕೇಳದೆ ಪೆಟ್ರೋಲನ್ನು ದೂರುವುದು ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಇನ್ನೊಂದು ದಾರಿ. ಮೇಲಾಗಿ ಅದೇ ಬಂಕಿನ ಪೆಟ್ರೋಲ್ ಹಾಕಿಸಿಕೊಂಡು ಅದೇ ಮಾದರಿಯ ಬೇರೆ ವ್ಯಾನುಗಳು ಸಲೀಸಾಗಿ ಓಡುತ್ತಿರುವಾಗ, ಈ ಒಂದು ವ್ಯಾನು ಮಾತ್ರ ಯಾಕೆ ತಡವರಿಸುತ್ತದೆ ಎಂಬ ಪ್ರಶ್ನೆಗೆ ಪೆಟ್ರೋಲ್ ಉತ್ತರ ಕೊಡಲಾರದು.

ಹಳೆಯ ಗಾಡಿಗೆ ಹೇಗೂ ಇವೆಲ್ಲ ಒಂದು ದಿನ ಬದಲಾಯಿಸಲೇಬೇಕು, ಈಗಲೇ ಹಾಕಿದರೆ ನಷ್ಟವೇನು ಎಂಬ ಆಕ್ಷೇಪ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರಿನ ಮಟ್ಟಿಗೆ ಸರಿ. ಹಿಂದಿನ ಸರ್ವಿಸಿನ ದಾಖಲೆ ಇಲ್ಲದ ಗಾಡಿಗೆ ಅವನ್ನು ಹಾಕುವುದು ಆರೈಕೆ. ಹಳೆಯದನ್ನು ಓದಿಕೊಂಡು, ಒಂದೊಂದಾಗಿ ಹಾಕಿ, ನಡುವೆ ಓಡಿಸಿ ನೋಡಿದರಾಯಿತು. ಪಂಪು, ಕಾಯಿಲ್, ಇಂಜೆಕ್ಟರ್, ಸೆನ್ಸರುಗಳಿಗೆ ಈ ಮಾತು ಹೊಂದುವುದಿಲ್ಲ. ಕಂಪನಿಯ ಒಳ್ಳೆಯ ಹಳೆಯ ಕಾಯಿಲನ್ನು ತೆಗೆದು ಎಲ್ಲಿಯದೋ ಅಗ್ಗದ ಹೊಸದನ್ನು ಹಾಕಿದಾಗ ಒಂದು ಕಾಯಿಲೆಯ ಗಾಡಿಗೆ ಎರಡನೆಯದು ಅಂಟಿಕೊಳ್ಳುತ್ತದೆ, ಆಮೇಲೆ ಎರಡನ್ನೂ ಬಿಡಿಸುವುದು ಮೊದಲಿಗಿಂತ ಕಷ್ಟ.

ನಿಜವಾಗಿ ಗಟ್ಟಿಯಾದ ಆಕ್ಷೇಪ ಇನ್ನೊಂದು. ಎರಡು ಗಂಟೆ ಗೇಜು ಹಿಡಿದು ಪರೀಕ್ಷಿಸಿ, ಏರಿನವರೆಗೆ ಓಡಿಸಿಕೊಂಡು ಬಂದು ‘ನಿಮ್ಮ ಟ್ಯಾಂಕಿನ ಗಾಳಿದಾರಿ ಕಟ್ಟಿತ್ತು, ಬಿಡಿಸಿದ್ದೇನೆ’ ಎಂದರೆ ಆ ಮೇಸ್ತ್ರಿಗೆ ಹಣ ಕೊಡುವವರು ಯಾರು? ‘ಏನೂ ಹಾಕಲಿಲ್ಲವಲ್ಲ, ಇದಕ್ಕೆಂಥ ದುಡ್ಡು’ ಎನ್ನುವ ಗಿರಾಕಿಗಳೇ ಹೆಚ್ಚು. ಪೆಟ್ಟಿಗೆಯಲ್ಲಿ ಬಂದ ಹೊಸ ಪಂಪಿಗೆ ಮರುಮಾತಿಲ್ಲದೆ ಸಾವಿರಗಳನ್ನು ಎಣಿಸುವ ಕೈ, ವಿದ್ಯೆಗೆ ಮುನ್ನೂರು ರೂಪಾಯಿ ಬಿಚ್ಚುವುದಿಲ್ಲ. ಮೇಸ್ತ್ರಿಯ ಸಂಪಾದನೆ ಬಿಡಿಭಾಗದ ಮಾರ್ಜಿನ್ನಿನಲ್ಲಿ ಇರುವವರೆಗೆ ಅವರು ಬಿಡಿಭಾಗವನ್ನೇ ಹಾಕುತ್ತಾರೆ, ಅದರಲ್ಲಿ ಅವರ ತಪ್ಪು ಅರ್ಧಕ್ಕಿಂತ ಕಡಿಮೆ. ಐಟಿಐನಲ್ಲಿ ಎರಡು ವರ್ಷ ಮೋಟಾರು ವಾಹನದ ಟ್ರೇಡ್ ಕಲಿತು ಬಂದ ಹುಡುಗರಿಗೆ ಕಂಪ್ರೆಷನ್ ಗೇಜು ಹಿಡಿಯಲು ಬರುತ್ತದೆ. ಗ್ಯಾರೇಜಿಗೆ ಸೇರಿದ ಮೇಲೆ ಅದನ್ನು ಕೈಯಲ್ಲಿ ಹಿಡಿಯುವ ಸಂದರ್ಭವೇ ಬರುವುದಿಲ್ಲ, ಯಾಕೆಂದರೆ ಆ ಕೆಲಸಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ. ಆ ಸಾಲನ್ನು ಬರೆಸಬೇಕಾದವರು ಗಾಡಿಯ ಮಾಲೀಕರು. ಯಾವ ಭಾಗ ಹಾಕಿದರೂ ಹಾಕದಿದ್ದರೂ ಪರೀಕ್ಷೆಯ ಕೂಲಿ ಇಷ್ಟು ಎಂದು ಮೊದಲೇ ಮಾತಾಡಿ ಕೊಡಲಿ, ಬದಲಾಗಿ ಮೂರೋ ನಾಲ್ಕೋ ಸಿಲಿಂಡರಿನ ಕಂಪ್ರೆಷನ್, ವ್ಯಾಕ್ಯೂಮ್, ಪೆಟ್ರೋಲ್ ಒತ್ತಡ, ಸ್ಕ್ಯಾನರಿನ ಕೋಡು ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳಲಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಲಿ. ಅಜ್ಜಂಪುರದ ಈರುಳ್ಳಿ ವ್ಯಾಪಾರಿಯೊಬ್ಬರು ಮುಂದೆ ಆ ವ್ಯಾನನ್ನು ತರೀಕೆರೆಯ ಇನ್ನೊಬ್ಬರಿಗೆ ಮಾರುವಾಗ ಆರ್‌ಸಿ ಜೊತೆ ಆ ಚೀಟಿಯೂ ಕೈ ಬದಲಾಯಿಸಬೇಕು. ಆಗ ಕೊಳ್ಳುವವರು ಬೆಲೆ ಮಾತಾಡುವುದು ಚೀಟಿಯ ಅಂಕಿಗಳನ್ನು ಮುಂದಿಟ್ಟುಕೊಂಡು. ಮುಂದೊಂದು ದಿನ ಗಾಡಿ ತಡವರಿಸಿದರೆ ಮೇಸ್ತ್ರಿಯ ಪರೀಕ್ಷೆ ಶುರುವಾಗುವುದೂ ಆ ಅಂಕಿಗಳಿಂದಲೇ.